ಪೀಲರ್, ಬಾಬಿ ಮತ್ತು ಸರ್ ರಾಬರ್ಟ್ ಪೀಲ್

ಇಂಗ್ಲಿಷ್ ಕಥೆಗಳನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಬ್ರಿಟನ್ನಿನ ಪೊಲೀಸರನ್ನು ಕುರಿತ ಎರಡು ಆಡುಮಾತುಗಳು ಎದುರಾಗುತ್ತವೆ: ಪೀಲರ್ ಮತ್ತು ಬಾಬಿ. ಇವೆರಡೂ ಒಬ್ಬರೇ ವ್ಯಕ್ತಿಯ ಹೆಸರಿನಿಂದ ಹುಟ್ಟಿದವು. ರಾಬರ್ಟ್ ಎಂಬ ಹೆಸರಿನ ಸಲಿಗೆಯ ರೂಪವೇ ಬಾಬಿ.

ರಾಬರ್ಟ್ ಪೀಲ್ ಅವರು 1788ರ ಫೆಬ್ರವರಿ 5ರಂದು ಲ್ಯಾಂಕಾಷೈರಿನ ಬರಿ ಎಂಬಲ್ಲಿ, ಹತ್ತಿ ಗಿರಣಿಗಳ ಒಡೆಯರ ಮಗನಾಗಿ ಜನಿಸಿದರು. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಸಾಹಿತ್ಯ, ಗಣಿತ ಎರಡರಲ್ಲಿಯೂ ಪ್ರಥಮ ಶ್ರೇಣಿ ಪಡೆದು, 21ನೆಯ ವಯಸ್ಸಿಗೇ ಪಾರ್ಲಿಮೆಂಟಿನ ಸದಸ್ಯರಾದರು. 1812ರಿಂದ ಆರು ವರ್ಷ ಐರ್ಲೆಂಡಿನ ಆಡಳಿತದ ಹೊಣೆ ಹೊತ್ತರು. ಅಲ್ಲಿ 1814ರಲ್ಲಿ ಅವರು ಕಟ್ಟಿದ ಶಾಂತಿಪಾಲನಾ ಪಡೆಯ ವೆಚ್ಚವನ್ನು ಗಲಭೆಗೊಂಡ ಪ್ರದೇಶದ ಜನರಿಂದಲೇ ವಸೂಲು ಮಾಡಲಾಗುತ್ತಿತ್ತು. ಆ ಪಡೆಯವರನ್ನು ಜನರು ಪೀಲರ್ ಎಂದು ಕರೆದರು. ಆ ಹೆಸರಿನಲ್ಲಿ ಪ್ರೀತಿಯಿರಲಿಲ್ಲ.

1822ರಲ್ಲಿ ಗೃಹಮಂತ್ರಿಯಾದ ಪೀಲ್ ಅವರು ಅನೇಕ ಅಪರಾಧಗಳಿಗೆ ವಿಧಿಸುತ್ತಿದ್ದ ಮರಣದಂಡನೆಯನ್ನು ತೆಗೆದುಹಾಕಿದರು. ಬಳಿಕ ಲಂಡನ್ನಿಗೊಂದು ಪೊಲೀಸ್ ಪಡೆ ಬೇಕೆಂದು ಹೊರಟಾಗ, ಇದು ಸ್ವತಂತ್ರ ಪ್ರಜೆಗಳ ಮೇಲೆ ಹೇರುವ ಇನ್ನೊಂದು ಸೈನ್ಯವೆಂದು ಜನರು ಶಂಕಿಸಿದರು. ಆ ಶಂಕೆಗೆ ಉತ್ತರವು ಪಡೆಯ ರಚನೆಯಲ್ಲಿಯೇ ಇತ್ತು. ಸೈನಿಕರ ಕೆಂಪು ಅಂಗಿಯ ಬದಲು ನೀಲಿ ಕೋಟು, ಕೈಯಲ್ಲಿ ಬಂದೂಕಿಲ್ಲ, ಮರದ ದಂಡವೂ ಕೋಟಿನ ಒಳಗೆ ಮರೆಯಾಗಿರಬೇಕು, ಯಾರೆಂದು ಗುರುತಿಸಲು ಕೊರಳಪಟ್ಟಿಯ ಮೇಲೆ ಸಂಖ್ಯೆ. ಅಪರಾಧ ನಡೆಯದಂತೆ ತಡೆಯುವುದೇ ಅವರ ಮೊದಲ ಕರ್ತವ್ಯ. 1829ರ ಸೆಪ್ಟೆಂಬರ್ 29ರಂದು ಈ ಪೇದೆಗಳು ಬೀದಿಗಿಳಿದರು.

ಆದರೂ ನಂಬಿಕೆ ಕೂಡಲೇ ಮೂಡಲಿಲ್ಲ. ನೀಲಿ ದೆವ್ವಗಳು, ಹಸಿ ಸೀಗಡಿಗಳು ಎಂದು ಜನರು ಹಂಗಿಸಿದರು. ಬೇಯಿಸಿದರೆ ಕೆಂಪಾಗುವ ದೊಡ್ಡ ಸೀಗಡಿಯಂತೆ ಇವರೂ ವೇಷ ಮರೆಸಿಕೊಂಡ ಸೈನಿಕರೇ ಎಂಬುದು ಆ ಕುಹಕದ ಒಳಗುಟ್ಟು. 1833ರ ಒಂದು ಸಭೆಯಲ್ಲಿ ಪೇದೆಯೊಬ್ಬನು ಇರಿತಕ್ಕೆ ಬಲಿಯಾದಾಗ, ಪಂಚರು ಆ ಹತ್ಯೆಯನ್ನು ಸಮರ್ಥನೀಯವೆಂದೇ ತೀರ್ಮಾನಿಸಿದರು. ಇಂತಹ ದ್ವೇಷವನ್ನು ಸಹಿಸುತ್ತ, ನಿರಾಯುಧರಾಗಿ ಇರುಳೆಲ್ಲ ಗಸ್ತು ತಿರುಗಿದ ಸಾಮಾನ್ಯ ಪೇದೆಗಳೇ ವರ್ಷಗಳು ಕಳೆದಂತೆ ಬಾಬಿ ಎಂಬ ಅಕ್ಕರೆಯ ಹೆಸರನ್ನು ಗಳಿಸಿಕೊಂಡರು.

ಪೀಲ್ ಅವರು ಎರಡು ಬಾರಿ ಪ್ರಧಾನಮಂತ್ರಿಯಾದರು. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಕ್ಷಾಮ ತಲೆದೋರಿದ್ದ ಕಾಲ. ಹೊರನಾಡಿನ ಧಾನ್ಯದ ಮೇಲೆ ಸುಂಕ ಹೇರಿ ರೊಟ್ಟಿಯನ್ನು ತುಟ್ಟಿಯಾಗಿಸಿದ್ದ ಕಾನೂನುಗಳನ್ನು 1846ರಲ್ಲಿ ಅವರು ರದ್ದುಪಡಿಸಿದರು. ಸ್ವಪಕ್ಷ ಒಡೆಯಿತು, ಅಧಿಕಾರ ಹೋಯಿತು. ಕುದುರೆಯಿಂದ ಬಿದ್ದು ಗಾಯಗೊಂಡ ಅವರು 1850ರ ಜುಲೈ 2ರಂದು ನಿಧನರಾದಾಗ, ಶ್ರಮಜೀವಿಗಳು ಒಂದೊಂದು ಪೆನ್ನಿ ಕೂಡಿಸಿ ಸ್ಮಾರಕನಿಧಿ ಕಟ್ಟಿದರು.

ಐರ್ಲೆಂಡಿನ ಉತ್ತರ ಭಾಗದಲ್ಲಿ ಪೀಲರ್ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಇಂಗ್ಲೆಂಡಿನಲ್ಲಿ ಉಳಿದದ್ದು ಬಾಬಿ. ಒಬ್ಬರದೇ ಹೆಸರು ಒಂದೆಡೆ ಕಹಿಯಾಗಿಯೂ ಇನ್ನೊಂದೆಡೆ ಸಿಹಿಯಾಗಿಯೂ ಹುಟ್ಟಿತು. ಪದವಿಯನ್ನು ಸರಕಾರ ಕೊಡಬಹುದು. ಹೆಸರನ್ನು ಮಾತ್ರ ಜನರೇ ಇಡುತ್ತಾರೆ, ನಮ್ಮ ನಡತೆಯನ್ನು ನೋಡಿ. ಮುಂದೆ ಅಧಿಕಾರದ ಸ್ಥಾನಗಳಿಗೆ ಏರಲಿರುವ ನಮ್ಮ ಮಕ್ಕಳು ಇದನ್ನು ನೆನಪಿಡಲಿ.