ಚಾರ್ಲಿ ಕ್ರಿಶ್ಚಿಯನ್

ಚಾರ್ಲಿ ಕ್ರಿಶ್ಚಿಯನ್ (ಜುಲೈ 29, 1916 – ಮಾರ್ಚ್ 2, 1942) ಅಮೆರಿಕದ ಹೆಸರಾಂತ ಜಾಝ್ ಗಿಟಾರ್ ವಾದಕರು. ಇವರ ಪೂರ್ಣ ಹೆಸರು ಚಾರ್ಲ್ಸ್ ಹೆನ್ರಿ ಕ್ರಿಶ್ಚಿಯನ್. ಜಾಝ್ ತಂಡಗಳಲ್ಲಿ ಮುಖ್ಯವಾಗಿ ಲಯ ಹಿಡಿಯುವ ಪಕ್ಕವಾದ್ಯವಾಗಿದ್ದ ಗಿಟಾರನ್ನು ಸ್ಯಾಕ್ಸೋಫೋನ್ ಮತ್ತು ಟ್ರಂಪೆಟ್‌ಗಳಿಗೆ ಸರಿಸಮನಾದ ಪ್ರಧಾನ ವಾದ್ಯವನ್ನಾಗಿ ಬೆಳೆಸಿದವರಲ್ಲಿ ಇವರು ಅಗ್ರಗಣ್ಯರು. ಸ್ಯಾಕ್ಸೋಫೋನಿನ ನುಡಿಗಟ್ಟನ್ನು ಗಿಟಾರ್ ತಂತಿಗಳ ಮೇಲೆ ಮೂಡಿಸಿದ್ದು ಇವರ ಮುಖ್ಯ ಸಾಧನೆ. 1940ರ ದಶಕದಲ್ಲಿ ನ್ಯೂಯಾರ್ಕ್ ನಗರದಲ್ಲಿ ರೂಪುಗೊಂಡ ಬೀಬಾಪ್ ಶೈಲಿಗೆ ತಳಹದಿ ಹಾಕಿದವರಲ್ಲಿಯೂ ಇವರನ್ನು ಎಣಿಸಲಾಗುತ್ತದೆ. ಇವರು ಬದುಕಿದ್ದುದು ಕೇವಲ 25 ವರ್ಷ. ಇವರ ಪ್ರಮುಖ ಧ್ವನಿಮುದ್ರಣಗಳೆಲ್ಲವೂ ಎರಡು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಆದಂಥವು.

ಜನನ ಮತ್ತು ಬಾಲ್ಯ

ಕ್ರಿಶ್ಚಿಯನ್ ಅವರು ಟೆಕ್ಸಾಸ್ ರಾಜ್ಯದ ಬಾನಮ್ ಎಂಬ ಊರಿನಲ್ಲಿ ಒಂದು ಆಫ್ರಿಕನ್-ಅಮೆರಿಕನ್ ಕುಟುಂಬದಲ್ಲಿ ಜನಿಸಿದರು. ಇವರು ತೀರ ಚಿಕ್ಕವರಿದ್ದಾಗಲೇ ಕುಟುಂಬವು ಒಕ್ಲಹೋಮ ನಗರಕ್ಕೆ ಬಂದು ನೆಲೆಸಿತು. ತಂದೆ ಕ್ಲಾರೆನ್ಸ್ ಹೆನ್ರಿ ಕ್ರಿಶ್ಚಿಯನ್ ಗಿಟಾರ್ ವಾದಕರು. ಜ್ವರಕ್ಕೆ ತುತ್ತಾಗಿ ದೃಷ್ಟಿಯನ್ನು ಕಳೆದುಕೊಂಡಿದ್ದರು. ಹೊಟ್ಟೆಪಾಡಿಗಾಗಿ ಅವರು ಮೂವರು ಗಂಡುಮಕ್ಕಳನ್ನು ಕರೆದುಕೊಂಡು ಸ್ಥಿತಿವಂತರ ಬಡಾವಣೆಗಳಲ್ಲಿ ಬೀದಿ ಬೀದಿ ಸುತ್ತಿ ಸಂಗೀತ ನುಡಿಸುತ್ತಿದ್ದರು. ಕಿರಿಯ ಮಗನಾದ ಚಾರ್ಲ್ಸ್ ಮೊದಮೊದಲು ಈ ಮೇಳದಲ್ಲಿ ಕುಣಿಯುತ್ತಿದ್ದು, ಅನಂತರ ಗಿಟಾರ್ ಕಲಿತರು. ತಂದೆ ತೀರಿಕೊಂಡ ಮೇಲೆ ಅವರ ವಾದ್ಯಗಳು ಈ ಬಾಲಕನ ಕೈಸೇರಿದವು.

ನಗರದ ಡಗ್ಲಸ್ ಶಾಲೆಯಲ್ಲಿ ಝೀಲಿಯಾ ಬ್ರೋ ಎಂಬ ಸಂಗೀತ ಶಿಕ್ಷಕಿ ವಿದ್ಯಾರ್ಥಿಗಳ ವಾದ್ಯವೃಂದವನ್ನು ನಡೆಸುತ್ತಿದ್ದರು. ಕ್ರಿಶ್ಚಿಯನ್ ಅವರಿಗೆ ಅದರಲ್ಲಿ ಟೆನರ್ ಸ್ಯಾಕ್ಸೋಫೋನ್ ನುಡಿಸುವ ಆಸೆಯಿತ್ತು. ಶಿಕ್ಷಕಿಯಾದರೋ ಟ್ರಂಪೆಟ್ ಕಲಿಯುವಂತೆ ಸೂಚಿಸಿದರು. ಟ್ರಂಪೆಟ್ ಊದಿದರೆ ತುಟಿ ವಿಕಾರವಾಗುವುದೆಂದು ಭಾವಿಸಿದ ಬಾಲಕ ವಾದ್ಯವೃಂದವನ್ನೇ ಬಿಟ್ಟು ಬೇಸ್‌ಬಾಲ್ ಆಟದ ಕಡೆಗೆ ಹೊರಳಿದನು. ಮುಂದೆ ಪ್ರಸಿದ್ಧ ಕಾದಂಬರಿಕಾರರಾದ ರಾಲ್ಫ್ ಎಲಿಸನ್ ಅದೇ ಶಾಲೆಯಲ್ಲಿ ಓದಿದವರು. ಕ್ರಿಶ್ಚಿಯನ್ ಅವರು ಕರಕುಶಲ ತರಗತಿಯಲ್ಲಿ ಸಿಗಾರ್ ಪೆಟ್ಟಿಗೆಗಳಿಂದ ಗಿಟಾರ್ ತಯಾರಿಸಿ ನುಡಿಸುತ್ತಿದ್ದುದನ್ನು ಅವರು ಪ್ರಬಂಧವೊಂದರಲ್ಲಿ ದಾಖಲಿಸಿದ್ದಾರೆ.

ಸಂಗೀತ ಕಲಿಕೆ

ಒಕ್ಲಹೋಮ ನಗರದ ಡೀಪ್ ಡ್ಯೂಸ್ ಎಂಬ ಆಫ್ರಿಕನ್-ಅಮೆರಿಕನ್ ಬಡಾವಣೆಯು ಆ ದಿನಗಳಲ್ಲಿ ಜಾಝ್ ಸಂಗೀತದ ನೆಲೆಯಾಗಿತ್ತು. ಅಲ್ಲಿ ಕಾರ್ಯಕ್ರಮಗಳು ಮುಗಿದ ಮೇಲೆ ವಾದಕರು ಬೆಳಗಿನ ಜಾವದವರೆಗೂ ಒಟ್ಟಿಗೆ ಕುಳಿತು ನುಡಿಸುವ ಪದ್ಧತಿಯಿತ್ತು. ಇಂಥ ಕೂಟಗಳಿಗೆ ಜ್ಯಾಮ್ ಸೆಷನ್ ಎಂದು ಹೆಸರು. ಕ್ರಿಶ್ಚಿಯನ್ ಅವರ ಅಣ್ಣ ಎಡ್ವರ್ಡ್ ಒಂದು ಜಾಝ್ ತಂಡವನ್ನು ನಡೆಸುತ್ತಿದ್ದರು. ತಮ್ಮನು ಜಾಝ್ ನುಡಿಸಬಲ್ಲನೆಂಬುದು ಅವರಿಗೆ ತಿಳಿದಿರಲಿಲ್ಲ. ಅದೇ ತಂಡದಲ್ಲಿದ್ದ ಟ್ರಂಪೆಟ್ ವಾದಕ ಜೇಮ್ಸ್ ಸಿಂಪ್ಸನ್ ಮತ್ತು ಗಿಟಾರ್ ವಾದಕ ರಾಲ್ಫ್ ಹ್ಯಾಮಿಲ್ಟನ್ ಸೇರಿ, ಅಣ್ಣನಿಗೆ ತಿಳಿಯದಂತೆ, ಹುಡುಗನಿಗೆ ಮೂರು ಹಾಡುಗಳ ಮೇಲೆ ಮನೋಧರ್ಮದ ವಾದನವನ್ನು ಕಲಿಸಿದರೆಂದು ಜೀವನಚರಿತ್ರೆಗಳು ತಿಳಿಸುತ್ತವೆ. ಆ ಹಾಡುಗಳು ‘ರೋಸ್ ರೂಮ್’, ‘ಟೀ ಫಾರ್ ಟೂ’ ಮತ್ತು ‘ಸ್ವೀಟ್ ಜಾರ್ಜಿಯಾ ಬ್ರೌನ್’. ಒಂದು ರಾತ್ರಿಯ ಕೂಟದಲ್ಲಿ ಹುಡುಗನು ಇವನ್ನು ನುಡಿಸಿ ಅಣ್ಣನನ್ನೂ ನೆರೆದವರನ್ನೂ ಬೆರಗುಗೊಳಿಸಿದನು. ಈ ಮೂರು ಹಾಡುಗಳಲ್ಲಿ ಮೊದಲನೆಯದು ಮುಂದೆ ಅವರ ಬದುಕಿನ ದಿಕ್ಕನ್ನೇ ಬದಲಿಸಲಿತ್ತು.

ಇದೇ ಕಾಲದಲ್ಲಿ ಟೆನರ್ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಒಕ್ಲಹೋಮ ನಗರಕ್ಕೆ ಬಂದು ನುಡಿಸುತ್ತಿದ್ದರು. ಯಂಗ್ ಅವರದು ಭಾರವಿಲ್ಲದ ನಾದ, ನಿರಾಯಾಸವಾದ ಓಟ, ತಾಳದ ಗೆರೆಗಳನ್ನು ದಾಟಿ ಹರಿಯುವ ದೀರ್ಘ ಸ್ವರಪಂಕ್ತಿ. ಶಾಲೆಯಲ್ಲಿ ದೊರೆಯದೆ ಹೋದ ವಾದ್ಯದ ಈ ಧ್ವನಿಯನ್ನು ಕ್ರಿಶ್ಚಿಯನ್ ಅವರು ತಮ್ಮ ಗಿಟಾರಿನಲ್ಲಿ ಅರಸತೊಡಗಿದರು.

ವಿದ್ಯುತ್ ಗಿಟಾರ್

ಸಾಮಾನ್ಯ ಗಿಟಾರಿನ ಧ್ವನಿ ಕ್ಷೀಣವಾದುದು. ಟ್ರಂಪೆಟ್, ಸ್ಯಾಕ್ಸೋಫೋನ್, ಡ್ರಮ್ಸ್ ಇರುವ ತಂಡದಲ್ಲಿ ಅದರ ಒಂಟಿ ಸ್ವರಗಳು ಶ್ರೋತೃಗಳಿಗೆ ಕೇಳಿಸುತ್ತಲೇ ಇರಲಿಲ್ಲ. ಈ ಕಾರಣದಿಂದ ಗಿಟಾರ್ ವಾದಕರು ಹಲವು ತಂತಿಗಳನ್ನು ಒಟ್ಟಿಗೆ ಮೀಟಿ ಲಯ ಕಾಯುವುದಕ್ಕೇ ಸೀಮಿತರಾಗಿದ್ದರು. 1936ರಲ್ಲಿ ಗಿಬ್ಸನ್ ಕಂಪನಿಯು ಇಎಸ್-150 ಎಂಬ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದಿತು. ಉಕ್ಕಿನ ತಂತಿಗಳ ಕಂಪನವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿಯುಳ್ಳ ಪಿಕಪ್ ಎಂಬ ಸಾಧನವು ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಇದರಿಂದ ಒಂಟಿ ಸ್ವರವೂ ಇಡೀ ಸಭಾಂಗಣಕ್ಕೆ ಕೇಳುವಂತಾಯಿತು. ಈ ಗಿಟಾರಿನ ಪಿಕಪ್ ಇಂದಿಗೂ ಚಾರ್ಲಿ ಕ್ರಿಶ್ಚಿಯನ್ ಪಿಕಪ್ ಎಂಬ ಹೆಸರಿನಿಂದಲೇ ಪರಿಚಿತವಾಗಿದೆ.

1938ರಲ್ಲಿ ಕ್ರಿಶ್ಚಿಯನ್ ಅವರು ಆಲ್ಫಾನ್ಸೊ ಟ್ರೆಂಟ್ ಅವರ ತಂಡದೊಂದಿಗೆ ಉತ್ತರ ಡಕೋಟದ ಬಿಸ್ಮಾರ್ಕ್ ಪಟ್ಟಣದಲ್ಲಿ ನುಡಿಸುತ್ತಿದ್ದರು. ಅವರನ್ನು ಕೇಳಲು ಬಂದ ಯುವ ಗಿಟಾರ್ ವಾದಕಿ ಮೇರಿ ಆಸ್ಬೋರ್ನ್, ಹೊರಗೆ ನಿಂತಾಗ ಕೇಳಿಬಂದುದು ಧ್ವನಿವರ್ಧಕದಲ್ಲಿ ನುಡಿಯುತ್ತಿದ್ದ ಟೆನರ್ ಸ್ಯಾಕ್ಸೋಫೋನ್ ಎಂದೇ ತಿಳಿದರು. ಒಳಗೆ ಹೋಗಿ ನೋಡಿದಾಗ ಅದು ಗಿಟಾರ್ ಆಗಿತ್ತು.

ಬೆನ್ನಿ ಗುಡ್‌ಮನ್ ತಂಡದಲ್ಲಿ

ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ ಅವರಿಂದ ಕ್ರಿಶ್ಚಿಯನ್ ಅವರ ವಿಷಯ ತಿಳಿದ ಧ್ವನಿಮುದ್ರಣ ನಿರ್ಮಾಪಕ ಜಾನ್ ಹ್ಯಾಮಂಡ್, ಅವರನ್ನು ಖ್ಯಾತ ಕ್ಲ್ಯಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರಿಗೆ ಶಿಫಾರಸು ಮಾಡಿದರು. ವರ್ಣಭೇದವು ಪ್ರಬಲವಾಗಿದ್ದ ಆ ದಿನಗಳಲ್ಲಿ ಕರಿಯ ಹಾಗೂ ಬಿಳಿಯ ವಾದಕರನ್ನು ಒಂದೇ ವೇದಿಕೆಗೆ ತಂದ ಕೆಲವೇ ಬಿಳಿಯ ತಂಡನಾಯಕರಲ್ಲಿ ಗುಡ್‌ಮನ್ ಒಬ್ಬರು. ಆದರೂ ವಿದ್ಯುತ್ ಗಿಟಾರಿನ ಬಗ್ಗೆ ಅವರಿಗೆ ಮೊದಲಿಗೆ ಆಸಕ್ತಿಯಿರಲಿಲ್ಲ. 1939ರ ಆಗಸ್ಟ್ 16ರಂದು ಬೆವರ್ಲಿ ಹಿಲ್ಸ್‌ನ ಉಪಾಹಾರ ಗೃಹವೊಂದರಲ್ಲಿ ಗುಡ್‌ಮನ್ ತಂಡದ ಕಾರ್ಯಕ್ರಮವಿತ್ತು. ವಿರಾಮದ ವೇಳೆಯಲ್ಲಿ ಹ್ಯಾಮಂಡ್ ಅವರು ಕ್ರಿಶ್ಚಿಯನ್ ಅವರನ್ನು ವೇದಿಕೆಯ ಮೇಲೆ ಕೂರಿಸಿಬಿಟ್ಟರು. ಗುಡ್‌ಮನ್ ಆರಿಸಿಕೊಂಡ ಹಾಡು ‘ರೋಸ್ ರೂಮ್’. ಹೊಸಬನಿಗೆ ಅದು ತಿಳಿದಿರಲಾರದೆಂದು ಅವರು ಎಣಿಸಿದ್ದರೆಂಬ ಪ್ರತೀತಿಯಿದೆ. ಒಕ್ಲಹೋಮದಲ್ಲಿ ಗುಟ್ಟಾಗಿ ಕಲಿತ ಹಾಡೇ ಅದಾಗಿತ್ತು. ಕ್ರಿಶ್ಚಿಯನ್ ಅವರು ಅದರ ಮೇಲೆ ಆವರ್ತದ ಮೇಲೆ ಆವರ್ತ ಹೊಸ ಹೊಸ ಕಲ್ಪನೆಗಳನ್ನು ಕಟ್ಟುತ್ತಾ ಹೋದರು. ಅಂದು ಆ ಒಂದೇ ಹಾಡು 40 ನಿಮಿಷಗಳಿಗೂ ಮಿಕ್ಕಿ ನಡೆಯಿತೆನ್ನುತ್ತಾರೆ. ಅವರು ಕೂಡಲೇ ತಂಡಕ್ಕೆ ಸೇರ್ಪಡೆಯಾದರು.

ಗುಡ್‌ಮನ್ ಅವರ ಆರು ಮಂದಿಯ ತಂಡದೊಂದಿಗೆ ಮುದ್ರಿಸಿದ ‘ಫ್ಲೈಯಿಂಗ್ ಹೋಮ್’, ‘ಸೆವೆನ್ ಕಮ್ ಇಲೆವೆನ್’ ಮತ್ತು 1941ರಲ್ಲಿ ದೊಡ್ಡ ವಾದ್ಯವೃಂದದೊಂದಿಗೆ ಮುದ್ರಿಸಿದ ‘ಸೋಲೋ ಫ್ಲೈಟ್’ ಕ್ರಿಶ್ಚಿಯನ್ ಅವರ ಪ್ರಸಿದ್ಧ ಧ್ವನಿಮುದ್ರಿಕೆಗಳು. 1939ರ ಡಿಸೆಂಬರ್ 24ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಕಛೇರಿಯಲ್ಲಿ, ಹುಡುಗನಾಗಿದ್ದಾಗ ದೂರದಿಂದ ಆಲಿಸಿದ್ದ ಲೆಸ್ಟರ್ ಯಂಗ್ ಅವರ ಪಕ್ಕದಲ್ಲಿ ನಿಂತು ನುಡಿಸುವ ಅವಕಾಶ ಅವರಿಗೆ ಒದಗಿತು.

ಮಿಂಟನ್ಸ್ ಪ್ಲೇಹೌಸ್

ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ 118ನೇ ಬೀದಿಯಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬು ಬೀಬಾಪ್ ಶೈಲಿಯ ತೊಟ್ಟಿಲೆನಿಸಿದೆ. ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಮತ್ತು ಡ್ರಮ್ ವಾದಕ ಕೆನ್ನಿ ಕ್ಲಾರ್ಕ್ ಅಲ್ಲಿನ ಕಾಯಂ ತಂಡದಲ್ಲಿದ್ದರು. ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಆಗಾಗ ಬರುತ್ತಿದ್ದರು. ಗುಡ್‌ಮನ್ ಕಾರ್ಯಕ್ರಮ ಮುಗಿದೊಡನೆ ಕ್ರಿಶ್ಚಿಯನ್ ಅಲ್ಲಿಗೆ ತೆರಳುತ್ತಿದ್ದರು. ಧ್ವನಿಮುದ್ರಿಕೆಯ ತಟ್ಟೆಯೊಂದರಲ್ಲಿ ಸುಮಾರು ಮೂರು ನಿಮಿಷವಷ್ಟೇ ಅಡಕವಾಗುತ್ತಿದ್ದುದರಿಂದ, ಸ್ಟುಡಿಯೊದಲ್ಲಿ ಅವರ ಪಾಲಿಗೆ ಬರುತ್ತಿದ್ದುದು ಕೆಲವೇ ಕ್ಷಣಗಳು. ಮಿಂಟನ್ಸ್‌ನಲ್ಲಿ ಅಂಥ ಮಿತಿಯಿರಲಿಲ್ಲ. ಒಬ್ಬರ ಹೊಸ ಕಲ್ಪನೆಯನ್ನು ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸುವ ಈ ಕೂಟವು ಒಂದು ಅಧ್ಯಯನ ಗೋಷ್ಠಿಯಂತಿತ್ತು. 1941ರ ಮೇ ತಿಂಗಳಲ್ಲಿ ಜೆರ್ರಿ ನ್ಯೂಮನ್ ಎಂಬ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ತನ್ನ ಸ್ವಂತ ಯಂತ್ರದಲ್ಲಿ ಇವುಗಳಲ್ಲಿ ಕೆಲವನ್ನು ಮುದ್ರಿಸಿಕೊಂಡನು. ಮುಂದೆ ‘ಸ್ವಿಂಗ್ ಟು ಬಾಪ್’ ಎಂಬ ಹೆಸರಿನಲ್ಲಿ ಹೊರಬಂದ ವಾದನವು ಇವುಗಳಲ್ಲಿ ಒಂದು. ಕ್ರಿಶ್ಚಿಯನ್ ಅವರ ದೀರ್ಘ ವಾದನವನ್ನು ಇಂದು ಕೇಳಲು ಸಾಧ್ಯವಾಗಿರುವುದು ಮುಖ್ಯವಾಗಿ ಈ ಮುದ್ರಣಗಳಿಂದ.

ವಾದನ ಶೈಲಿ

ಟೆನರ್ ಸ್ಯಾಕ್ಸೋಫೋನಿನ ಸ್ವರವ್ಯಾಪ್ತಿಯು ಬಹುತೇಕ ಗಿಟಾರಿನ ಸ್ವರವ್ಯಾಪ್ತಿಯೊಳಗೇ ಬರುತ್ತದೆ. ಆದರೆ ಎರಡರ ಸ್ವಭಾವ ಬೇರೆ. ಸ್ಯಾಕ್ಸೋಫೋನ್ ವಾದಕನು ಉಸಿರು ತೆಗೆದುಕೊಳ್ಳಲು ನಿಲ್ಲಲೇಬೇಕು. ಆ ನಿಲುಗಡೆಯೇ ಸ್ವರವಾಕ್ಯಗಳಿಗೆ ಆಕಾರ ಕೊಡುತ್ತದೆ. ಗಿಟಾರ್ ವಾದಕನಿಗೆ ಅಂಥ ಕಟ್ಟುಪಾಡಿಲ್ಲ. ಅವನು ಅದನ್ನು ತಾನೇ ವಿಧಿಸಿಕೊಳ್ಳಬೇಕು. ಊದುವ ವಾದ್ಯದಲ್ಲಿ ಒಂದೇ ಉಸಿರಿನಲ್ಲಿ ಹಲವು ಸ್ವರಗಳು ಬೆಸೆದುಕೊಳ್ಳುತ್ತವೆ. ಗಿಟಾರಿನಲ್ಲಿ ಸಾಮಾನ್ಯವಾಗಿ ಪ್ರತಿ ಸ್ವರವನ್ನೂ ಬೇರೆ ಬೇರೆ ಮೀಟಬೇಕಾಗುತ್ತದೆ. ಕ್ರಿಶ್ಚಿಯನ್ ಅವರು ಹೆಚ್ಚಾಗಿ ಕೆಳಮುಖವಾಗಿಯೇ ತಂತಿಗಳನ್ನು ಮೀಟಿ, ಸ್ವರಗಳಿಗೆ ಸಮನಾದ ತೂಕವನ್ನು ಕೊಡುತ್ತಿದ್ದರು. ಎಡಗೈ ಬೆರಳುಗಳು ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ವಿನ್ಯಾಸವನ್ನು ಆಧರಿಸಿ ಚಲಿಸುತ್ತಿದ್ದವು. ತಾಳದ ನಿರೀಕ್ಷಿತ ಪೆಟ್ಟಿನಿಂದ ಸರಿದು ಬೀಳುವ ಒತ್ತುಗಳು ಅವರ ಸ್ವರವಾಕ್ಯಗಳಿಗೆ ಮಾತಿನ ಲಯವನ್ನು ನೀಡಿದವು.

ಅನಾರೋಗ್ಯ ಮತ್ತು ನಿಧನ

ಕ್ರಿಶ್ಚಿಯನ್ ಅವರಿಗೆ ಕ್ಷಯರೋಗ ತಗುಲಿತ್ತು. ರೋಗಾಣುವನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಔಷಧಿ ಪತ್ತೆಯಾದುದು 1943ರಲ್ಲಿ. ಅದಕ್ಕೆ ಮೊದಲು ವಿಶ್ರಾಂತಿ ಮತ್ತು ಪುಷ್ಟಿಕರ ಆಹಾರವೇ ಮುಖ್ಯ ಚಿಕಿತ್ಸೆಯಾಗಿದ್ದವು. ದಿನವಿಡೀ ಪ್ರವಾಸ, ರಾತ್ರಿಯಿಡೀ ವಾದನ ಎಂಬಂಥ ಬದುಕಿನಲ್ಲಿ ವಿಶ್ರಾಂತಿಗೆ ಎಡೆಯಿರಲಿಲ್ಲ. 1941ರ ಬೇಸಿಗೆಯಲ್ಲಿ ಕಾಯಿಲೆ ಉಲ್ಬಣಿಸಿ, ಅವರನ್ನು ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿದ್ದ ಸೀವ್ಯೂ ಕ್ಷಯರೋಗ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. 1942ರ ಮಾರ್ಚ್ 2ರಂದು ಅವರು ಅಲ್ಲಿಯೇ ನಿಧನರಾದರು. ಹುಟ್ಟೂರಾದ ಬಾನಮ್‌ನಲ್ಲಿ ಅವರನ್ನು ಮಣ್ಣುಮಾಡಲಾಯಿತು. ಅವರ ಹೆಸರಿನ ಸಮಾಧಿಶಿಲೆಯನ್ನು ಅಲ್ಲಿ ನಿಲ್ಲಿಸಿದ್ದು 1994ರಲ್ಲಿ.

ಪ್ರಭಾವ

ಕ್ರಿಶ್ಚಿಯನ್ ಅವರ ಬಳಿ ನೇರವಾಗಿ ಕಲಿಯುವ ಅವಕಾಶ ಬಹಳ ಜನರಿಗೆ ಸಿಗಲಿಲ್ಲ. ಅವರ ಧ್ವನಿಮುದ್ರಿಕೆಗಳೇ ಪಾಠಶಾಲೆಯಾದವು. ಇಂಡಿಯಾನಾಪೊಲಿಸ್‌ನ ವೆಸ್ ಮಾಂಟ್ಗೊಮೆರಿ ‘ಸೋಲೋ ಫ್ಲೈಟ್’ ಕೇಳಿ ವಿದ್ಯುತ್ ಗಿಟಾರ್ ಕೊಂಡು, ಕ್ರಿಶ್ಚಿಯನ್ ಅವರ ವಾದನಗಳನ್ನು ಸ್ವರ ಬಿಡದೆ ಕಿವಿಯಿಂದಲೇ ಕಲಿತರು. ಒಕ್ಲಹೋಮದವರೇ ಆದ ಬಾರ್ನಿ ಕೆಸೆಲ್ ಹದಿಹರೆಯದಲ್ಲಿ ಅವರೊಂದಿಗೆ ನುಡಿಸುವ ಭಾಗ್ಯ ಪಡೆದಿದ್ದರು. ಬೀಬಾಪ್‌ನ ಮಹಾನ್ ಆಲ್ಟೊ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಶೈಲಿಯನ್ನು ಜಿಮ್ಮಿ ರೇನಿಯಂಥವರು ಗಿಟಾರಿಗೆ ಅಳವಡಿಸಿಕೊಂಡರು.

ಸ್ಯಾಕ್ಸೋಫೋನ್ ವಾದನಗಳನ್ನು ಗಿಟಾರಿನಲ್ಲಿ ಕಲಿಯುವುದು ಇಂದು ಜಾಝ್ ಶಿಕ್ಷಣದ ಅಂಗವಾಗಿದೆ. ವಿದ್ಯಾರ್ಥಿಗಳು ಮೊದಲು ವಾದನವನ್ನು ಬಾಯಲ್ಲಿ ಹಾಡಿಕೊಳ್ಳುತ್ತಾರೆ. ಅನಂತರ ಒಂದೊಂದೇ ಸ್ವರವಾಕ್ಯವನ್ನು ನಿಧಾನ ಗತಿಯಲ್ಲಿ ವಾದ್ಯದ ಮೇಲೆ ಹುಡುಕುತ್ತಾರೆ. ಒಂದೇ ಸ್ವರವು ಗಿಟಾರಿನಲ್ಲಿ ಹಲವು ಸ್ಥಾನಗಳಲ್ಲಿ ದೊರೆಯುವುದರಿಂದ ಬೆರಳುಗಳ ದಾರಿ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗುತ್ತದೆ; ಗುಂಪಿನಲ್ಲಿ ಕಲಿಯುವವರಿಗೆ ಈ ದಾರಿಗಳನ್ನು ಹೋಲಿಸಿ ನೋಡುವ ಅನುಕೂಲವಿದೆ. ಬರೆದಿಟ್ಟ ಸ್ವರಪ್ರಸ್ತಾರವನ್ನು ನೋಡಿ ನುಡಿಸುವವರು ಒಂದು ಅಂಶವನ್ನು ಗಮನಿಸಬೇಕು. ಟೆನರ್ ಸ್ಯಾಕ್ಸೋಫೋನಿಗಾಗಿ ಬರೆದುದನ್ನು ಗಿಟಾರಿನಲ್ಲಿ ಒಂದು ಪೂರ್ಣ ಸ್ವರದಷ್ಟು ಕೆಳಗಿಳಿಸಿ ನುಡಿಸಿದರೆ ಮಾತ್ರ ಶ್ರುತಿ ಹೊಂದುತ್ತದೆ.

ಗೌರವಗಳು

ಡೌನ್‌ಬೀಟ್ ಪತ್ರಿಕೆಯು 1966ರಲ್ಲಿ ಕ್ರಿಶ್ಚಿಯನ್ ಅವರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು. 1990ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆಯು ಅವರನ್ನು ರಾಕ್ ಸಂಗೀತದ ಮೇಲೆ ಪ್ರಭಾವ ಬೀರಿದ ಪೂರ್ವಸೂರಿಗಳ ವಿಭಾಗದಲ್ಲಿ ಗೌರವಿಸಿತು.