ಮೋಡದ ಮೇಲಿನ ಮಿಂಚನ್ನು ಮೊದಲೇ ಹೇಳಿದ ವಿಲ್ಸನ್

ಮಿಂಚು ಎಂದರೆ ಮೋಡದಿಂದ ನೆಲಕ್ಕೆ ಇಳಿಯುವುದು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆದರೆ ಗುಡುಗಿನ ಮೋಡದ ಮೇಲೆ, ಬಹಳ ಎತ್ತರದಲ್ಲಿ ಕೂಡ ಒಂದು ಬಗೆಯ ಕೆಂಪು ಮಿಂಚು ಹೊಳೆಯುತ್ತದೆ. ಅದು ಕ್ಯಾಮೆರಾಕ್ಕೆ ಸಿಕ್ಕಿದ್ದು 1989ರಲ್ಲಿ. ಅದಕ್ಕೂ 60 ವರ್ಷಕ್ಕಿಂತ ಹಿಂದೆಯೇ ಒಬ್ಬ ವಿಜ್ಞಾನಿ ಅದನ್ನು ಲೆಕ್ಕ ಹಾಕಿ ಹೇಳಿದ್ದರು. ಅವರೇ ಸಿ.ಟಿ.ಆರ್. ವಿಲ್ಸನ್.

ಚಾರ್ಲ್ಸ್ ಥಾಮ್ಸನ್ ರೀಸ್ ವಿಲ್ಸನ್ 1869ರ ಫೆಬ್ರುವರಿ 14ರಂದು ಸ್ಕಾಟ್ಲೆಂಡಿನ ಗ್ಲೆನ್‌ಕೋರ್ಸ್‌ನಲ್ಲಿ ಒಬ್ಬ ರೈತನ ಮಗನಾಗಿ ಜನಿಸಿದರು. ನಾಲ್ಕು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕರೆದುಕೊಂಡು ಮ್ಯಾಂಚೆಸ್ಟರಿಗೆ ಹೋದರು. ಓದಿಗೆ ಹಣ ಕೊಟ್ಟು ನೆರವಾದವರು ಮಲ ಅಣ್ಣ ವಿಲಿಯಂ. ಅವರು ನಮ್ಮ ದೇಶದ ಕಲ್ಕತ್ತಾದಲ್ಲಿ ವ್ಯಾಪಾರ ಮಾಡುತ್ತಿದ್ದರು. ಒಬ್ಬ ಅಣ್ಣನ ವ್ಯಾಪಾರದ ದುಡ್ಡು ತಮ್ಮನ ವಿದ್ಯೆಯಾಯಿತು ಎಂಬುದು ವಾಣಿಜ್ಯ ವಿಭಾಗದ ನಮಗೆ ಹೆಮ್ಮೆಯ ವಿಷಯ.

ವಿಲ್ಸನ್ ಮೊದಲು ಡಾಕ್ಟರ್ ಆಗಬೇಕೆಂದು ಜೀವಶಾಸ್ತ್ರ ಓದಿದರು. ನಂತರ ಕೇಂಬ್ರಿಡ್ಜ್‌ಗೆ ಹೋಗಿ ಭೌತಶಾಸ್ತ್ರದ ಕಡೆ ತಿರುಗಿದರು. 1894ರ ಸೆಪ್ಟೆಂಬರ್‌ನಲ್ಲಿ ಬೆನ್ ನೆವಿಸ್ ಬೆಟ್ಟದ ತುದಿಯ ಹವಾಮಾನ ವೀಕ್ಷಣಾಲಯದಲ್ಲಿ ಕೆಲವು ದಿನ ಕೆಲಸ ಮಾಡಿದರು. ಅಲ್ಲಿ ಮೋಡಗಳ ಮೇಲೆ ಸೂರ್ಯನ ಬೆಳಕು ಮೂಡಿಸುವ ಬಣ್ಣದ ಬಳೆಗಳನ್ನು ಕಂಡು ಬೆರಗಾದರು. ಮರುವರ್ಷ ಜೂನ್‌ನಲ್ಲಿ ಅದೇ ಬೆಟ್ಟಗಳಲ್ಲಿದ್ದಾಗ ಇದ್ದಕ್ಕಿದ್ದಂತೆ ಅವರ ತಲೆಗೂದಲು ನೆಟ್ಟಗೆ ನಿಂತಿತು. ಅಪಾಯ ತಿಳಿದು ಕೆಳಗೆ ಓಡಿದರು. ಸ್ವಲ್ಪದರಲ್ಲೇ ಸಿಡಿಲು ಬಡಿಯಿತು. ಅಂದು ಅವರು ನಿಂತು ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೆಟ್ಟದ ಮೋಡವನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಬೇಕೆಂಬ ಆಸೆಯಿಂದ ಅವರು ಗಾಜಿನ ಪಾತ್ರೆಯಲ್ಲಿ ತೇವದ ಗಾಳಿ ತುಂಬಿ, ಅದನ್ನು ಒಮ್ಮೆಲೇ ಹಿಗ್ಗಿಸಿ ತಣ್ಣಗಾಗಿಸಿದರು. ಧೂಳೇ ಇಲ್ಲದಿದ್ದರೂ ವಿದ್ಯುತ್ ಇರುವ ಕಣಗಳ ಮೇಲೆ ನೀರ ಹನಿ ಕೂಡುವುದನ್ನು ಕಂಡರು. ಗಾಜನ್ನು ತಾವೇ ಊದಿ ಉಪಕರಣ ಮಾಡಿಕೊಳ್ಳುತ್ತಿದ್ದರು. ಅದು ಎಷ್ಟೋ ಸಲ ಒಡೆದರೂ ಮತ್ತೆ ಮಾಡುತ್ತಿದ್ದರು. 1911ರಲ್ಲಿ ಕಣ್ಣಿಗೆ ಕಾಣದ ಕಣಗಳು ಹಾದುಹೋದ ದಾರಿಯನ್ನೇ ಫೋಟೊ ತೆಗೆದರು. ಈ ಮೋಡದ ಪೆಟ್ಟಿಗೆಗಾಗಿ 1927ರಲ್ಲಿ ಆರ್ಥರ್ ಕಾಂಪ್ಟನ್ ಜೊತೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಆದರೆ ಅವರ ಮನಸ್ಸು ಗುಡುಗಿನ ಮೋಡವನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ಮಿಂಚಿಗೂ ಬಿಜಲಿ, ಕರೆಂಟಿಗೂ ಬಿಜಲಿ ಎನ್ನುತ್ತೇವೆ. ವಿಲ್ಸನ್ ಆ ಬಿಜಲಿಯನ್ನು ಅಳೆಯುತ್ತಾ ಕುಳಿತರು. ಮೇಲೆ ಹೋದಂತೆ ಮೋಡದ ವಿದ್ಯುತ್ ಬಲ ಕಡಿಮೆಯಾಗುತ್ತದೆ. ಆದರೆ ಗಾಳಿ ಅದಕ್ಕಿಂತ ಬೇಗ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ಸ್ವಲ್ಪ ಬಲವಿದ್ದರೂ ವಿದ್ಯುತ್ ಹರಿಯಬಲ್ಲದು. ಹಾಗಾದರೆ ಮೋಡಕ್ಕಿಂತ ಬಹಳ ಮೇಲೆ ಬೆಳಕು ಹೊಳೆಯಲೇಬೇಕು ಎಂದು 1920ರ ದಶಕದಲ್ಲಿ ಅವರು ಬರೆದರು. ಅಂಥ ಬೆಳಕನ್ನು ಕಂಡೆವೆಂದು ಕೆಲವರು ಹೇಳುತ್ತಿದ್ದರೂ ಚಿತ್ರದ ಸಾಕ್ಷಿ ಇರಲಿಲ್ಲ.

1934ರಲ್ಲಿ ನಿವೃತ್ತರಾದರೂ ಅವರು ಕೆಲಸ ನಿಲ್ಲಿಸಲಿಲ್ಲ. ಗುಡುಗು ಮೋಡದ ವಿದ್ಯುತ್ ಬಗ್ಗೆ ಅವರ ಪ್ರಬಂಧ 1956ರಲ್ಲಿ ಪ್ರಕಟವಾದಾಗ ಅವರಿಗೆ 87 ವರ್ಷ. 1959ರ ನವೆಂಬರ್ 15ರಂದು ಅವರು ತೀರಿಕೊಂಡರು.

ಸುಮಾರು 30 ವರ್ಷದ ನಂತರ, 1989ರ ಜುಲೈ 6ರ ರಾತ್ರಿ, ಅಮೆರಿಕದ ಮಿನ್ನೆಸೋಟದಲ್ಲಿ ಜಾನ್ ವಿಂಕ್ಲರ್ ಅವರ ತಂಡ ಮಂದ ಬೆಳಕಿನ ಟಿವಿ ಕ್ಯಾಮೆರಾ ಪರೀಕ್ಷಿಸುತ್ತಿತ್ತು. ಟೇಪ್ ನೋಡಿದಾಗ ದೂರದ ಮೋಡದ ಮೇಲೆ ಎರಡು ಬೆಳಕಿನ ಕಂಬಗಳು ಕಂಡವು! ಇವನ್ನು ಈಗ ಸ್ಪ್ರೈಟ್ ಎನ್ನುತ್ತಾರೆ. ಇವು ಸುಮಾರು 50ರಿಂದ 90 ಕಿ.ಮೀ. ಎತ್ತರದಲ್ಲಿ ಮೂಡಿ, ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಮಾಯವಾಗುತ್ತವೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಇರುವುದಿಲ್ಲ.

ತಾವು ಹೇಳಿದ್ದು ನಿಜವಾದದ್ದನ್ನು ನೋಡಲು ವಿಲ್ಸನ್ ಇರಲಿಲ್ಲ. ಫಲಿತಾಂಶ ಇವತ್ತೇ ಬರಬೇಕೆಂದು ಆತುರಪಡುವ ನಮಗೆ ಅವರ ಬದುಕು ಒಂದು ಪಾಠ. ಇನ್ನೊಂದು ಪಾಠವನ್ನೂ ಮರೆಯಬೇಡಿ: ಬಯಲಿನಲ್ಲಿದ್ದಾಗ ಕೂದಲು ನೆಟ್ಟಗಾದರೆ ಮೊಬೈಲ್ ಎತ್ತಿ ಫೋಟೊ ತೆಗೆಯಲು ನಿಲ್ಲದೆ, ಮರದ ಕೆಳಗೂ ಹೋಗದೆ, ಕೂಡಲೇ ಕಟ್ಟಡದೊಳಗೆ ಓಡಿ.