ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದ ಬ್ಯಾಂಟಿಂಗ್

ನಮ್ಮ ಅಮ್ಮಿ ಮಹಡಿಯಿಂದ ಇಳಿಯುವಾಗ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿಯುತ್ತಾರೆ. ತೂಕ ಜಾಸ್ತಿ, ಮೊಣಕಾಲು ನೋವು. ಒಂದು ದಿನ ಅದನ್ನು ನೋಡಿ ನಾನು ನಕ್ಕುಬಿಟ್ಟೆ. ವಿಲಿಯಂ ಬ್ಯಾಂಟಿಂಗ್ ಅವರ ಜೀವನ ಓದಿದ ಮೇಲೆ ಆ ನಗುವಿಗೆ ನಾಚಿಕೆಯಾಯಿತು.

ಬ್ಯಾಂಟಿಂಗ್ 1796ರ ಸುಮಾರಿಗೆ ಹುಟ್ಟಿದರು. ಶವಪೆಟ್ಟಿಗೆ ಮಾಡಿಸಿ ಅಂತ್ಯಕ್ರಿಯೆಯ ವ್ಯವಸ್ಥೆ ನೋಡಿಕೊಳ್ಳುವುದು ಲಂಡನ್ನಿನಲ್ಲಿ ಅವರ ಮನೆತನದ ವ್ಯಾಪಾರ. 1820ರಲ್ಲಿ ದೊರೆ ಮೂರನೇ ಜಾರ್ಜ್, 1852ರಲ್ಲಿ ವೆಲ್ಲಿಂಗ್ಟನ್ ಡ್ಯೂಕ್ ತೀರಿಕೊಂಡಾಗ ಈ ಮನೆತನಕ್ಕೇ ಕೆಲಸ ಬಂತು. ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದ ಆರ್ಥರ್ ವೆಲ್ಲೆಸ್ಲಿಯೇ ಈ ವೆಲ್ಲಿಂಗ್ಟನ್.

ಹಣ, ಗೌರವ ಎರಡೂ ಇದ್ದವು. ಆದರೆ 1862ರಲ್ಲಿ ಐದು ಅಡಿ ಐದು ಇಂಚಿನ ಬ್ಯಾಂಟಿಂಗ್ 202 ಪೌಂಡ್, ಅಂದರೆ ಸುಮಾರು 92 ಕಿಲೋ ಇದ್ದರು. ಬಗ್ಗಿ ಬೂಟಿನ ದಾರ ಕಟ್ಟಲು ಆಗುತ್ತಿರಲಿಲ್ಲ. ಮೆಟ್ಟಿಲನ್ನು ಹಿಮ್ಮುಖವಾಗಿ, ನಿಧಾನವಾಗಿ ಇಳಿಯುತ್ತಿದ್ದರು. ಜನರ ಕುಹಕದಿಂದ ತುಂಬಾ ನೊಂದಿದ್ದರು. ಬೆಳಿಗ್ಗೆ ದೋಣಿ ನಡೆಸಿ ವ್ಯಾಯಾಮ ಮಾಡಿದರು; ಹಸಿವು ಹೆಚ್ಚಿತು, ತೂಕವೂ ಹೆಚ್ಚಿತು.

ಕಿವಿ ಮಂದವಾದಾಗ ಡಾಕ್ಟರ್ ವಿಲಿಯಂ ಹಾರ್ವೆ ಬಳಿ ಹೋದರು. ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲೋಡ್ ಬರ್ನಾರ್ಡ್ ಅವರಿಂದ ಯಕೃತ್ತು ಮತ್ತು ಸಕ್ಕರೆಯ ಸಂಬಂಧ ಕುರಿತ ಉಪನ್ಯಾಸ ಕೇಳಿದ್ದರು. ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಲು ಅವರು ಹೇಳಿದರು. ಆದರೆ ಉಪವಾಸ ಹಾಕಲಿಲ್ಲ. ಬೆಳಿಗ್ಗೆ ನಾಲ್ಕೈದು ಔನ್ಸ್ ಮಾಂಸ ಅಥವಾ ಮೀನು, ಒಂದು ಔನ್ಸ್ ಒಣ ಟೋಸ್ಟ್. ಮಧ್ಯಾಹ್ನ ಮಾಂಸ, ತರಕಾರಿ. ಸಂಜೆ ಸ್ವಲ್ಪ ಹಣ್ಣು, ಸಕ್ಕರೆಯಿಲ್ಲದ ಚಹಾ. ಪಟ್ಟಿಯಲ್ಲಿ ಮದ್ಯವೂ ಇತ್ತು. ಅದು ನಮಗೆ ಬೇಡ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಹಿಡಿಸಿದ್ದು ಅವರ ಲೆಕ್ಕ. ದಿನಾಂಕ ಹಾಕಿ ತೂಕ ಬರೆದಿಟ್ಟರು. ಸುಮಾರು ಒಂದು ವರ್ಷದಲ್ಲಿ 46 ಪೌಂಡ್, ಅಂದರೆ 21 ಕಿಲೋ ಇಳಿದಿತ್ತು. ಕಿವಿಯೂ ಸುಧಾರಿಸಿತು. 1863ರಲ್ಲಿ ಇದನ್ನೆಲ್ಲ ಪುಸ್ತಿಕೆಯಾಗಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದರು. ಮುಂದೆ ಅದು ಮಾರಾಟವಾದಾಗ ಬಂದ ಲಾಭವನ್ನು ದಾನ ಮಾಡಿದರು. ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸುವುದಕ್ಕೆ ಇಂದಿಗೂ ಅವರ ಹೆಸರಿನಿಂದ ಬಂದ ಬಾಂಟಾ ಎಂಬ ಪದವೇ ಇದೆ. 1878ರಲ್ಲಿ, 81ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅಮ್ಮಿಯೂ ಹಿಂದೆ ಯಾರದೋ ಮಾತು ಕೇಳಿ ಅನ್ನ, ರೊಟ್ಟಿ ಪೂರ್ತಿ ಬಿಟ್ಟಿದ್ದರು. ಒಂಬತ್ತನೇ ದಿನ ತಲೆ ಸುತ್ತಿ ಕುಳಿತರು. ಹತ್ತನೇ ದಿನ ಎಲ್ಲ ಮೊದಲಿನಂತೆ. ಈಗ ಡಾಕ್ಟರನ್ನು ಕೇಳಿಯೇ ಬದಲಾಯಿಸಿದ್ದೇವೆ. ಮೂರು ರೊಟ್ಟಿಯ ಜಾಗದಲ್ಲಿ ಒಂದು, ತಟ್ಟೆಯ ಅರ್ಧ ಪಲ್ಯ, ಜೊತೆಗೆ ಬೇಳೆ ಇಲ್ಲವೇ ಮೊಟ್ಟೆ. ಚಹಾಕ್ಕೆ ಸಕ್ಕರೆ ಇಲ್ಲ. ಅಮ್ಮಿಗೊಬ್ಬರಿಗೇ ಬೇರೆ ತಟ್ಟೆ ಬೇಡವೆಂದು ಮನೆಯವರೆಲ್ಲ ಹಾಗೆಯೇ ತಿನ್ನುತ್ತೇವೆ. ಪ್ರತಿ ಶುಕ್ರವಾರ ತೂಕ ನೋಡಿ ನನ್ನ ಹಳೆಯ ಅಕೌಂಟೆನ್ಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮೂರು ತಿಂಗಳಲ್ಲಿ ಮೂರು ಕಿಲೋ ಇಳಿದಿದೆ.

ಅಮ್ಮಿ ಇನ್ನೂ ಗೋಡೆ ಹಿಡಿದೇ ಇಳಿಯುತ್ತಾರೆ. ಆದರೆ ನಾನೀಗ ನಗುವುದಿಲ್ಲ. ಒಂದು ಮೆಟ್ಟಿಲು ಕೆಳಗೆ ನಿಂತು ಕೈ ಕೊಡುತ್ತೇನೆ.